ಮೂರು ಲೈನ್, ಒಂದು ಕ್ಯಾಶ್: ಕಲಬುರಗಿಯ ಕಾಲೇಜೊಂದರ ಪ್ರಾಕ್ಸಿ ಪ್ರಕರಣ

ಕಲಬುರಗಿ ರಿಂಗ್ ರೋಡಿನ ಹೊರಗಿರುವ ಒಂದು ಕಾಲೇಜಿನ ಪ್ರಕರಣ ಇದು. ಕಾಲೇಜಿನ ಹೆಸರು, ಸೇವೆ ಕೊಟ್ಟ ಕಂಪನಿಗಳ ಹೆಸರು ಇಲ್ಲಿಲ್ಲ. ಒಳಗಿನ ವಿಳಾಸಗಳನ್ನೂ ಯಂತ್ರಗಳ ಎಣಿಕೆಯನ್ನೂ ಗುರುತು ಸಿಗದಷ್ಟು ಬದಲಿಸಿದೆ. ಪ್ರಾಕ್ಸಿ ಎಂದರೆ ಒಳಗಿನ ಸಿಸ್ಟಮ್‌ಗಳ ಪರವಾಗಿ ಹೊರಗಿನ ಪುಟ, ಫೈಲ್ ತರಿಸಿಕೊಡುವ ನಡುವಿನ ಸರ್ವರ್; ತಂದದ್ದನ್ನು ಮತ್ತೆ ಕೊಡಲು ಉಳಿಸಿಟ್ಟುಕೊಳ್ಳುವುದು ಕ್ಯಾಶ್; ಈ ಎರಡೂ ಕೆಲಸಕ್ಕೆ ಇಲ್ಲಿ ಬಳಸಿದ ತಂತ್ರಾಂಶ ಸ್ಕ್ವಿಡ್. ಸ್ಕ್ವಿಡ್‌ನ ಆಜ್ಞೆಗಳನ್ನು ಓದಲು ಅನುಕೂಲವಾಗಲೆಂದು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಕಾನ್ಫಿಗ್ ಫೈಲಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು.

ಇದ್ದ ವ್ಯವಸ್ಥೆ

ತಲಾ 40 ಸಿಸ್ಟಮ್‌ಗಳ ಮೂರು ಲ್ಯಾಬ್, ಒಂದು ಗ್ರಂಥಾಲಯ, ಒಂದು ಕಚೇರಿ. ಹೊರಗಿನಿಂದ ಬರುವ ಲೈನ್ ಮೂರು: 100 ಎಂಬಿಪಿಎಸ್‌ನ ಒಂದು ಫೈಬರ್, ಬೇರೆ ಕಂಪನಿಯ 50 ಎಂಬಿಪಿಎಸ್‌ನ ಇನ್ನೊಂದು ಫೈಬರ್, ಸಿಮ್ ಹಾಕಿದ ಒಂದು 4ಜಿ ರೌಟರ್. 4ಜಿ ಇದ್ದದ್ದು ಆಪತ್ತಿಗೆ ಮಾತ್ರ, ಅದಕ್ಕೆ ದಿನದ ಡೇಟಾ ಮಿತಿಯೂ ಇತ್ತು.

ಪ್ರತಿ ಲ್ಯಾಬನ್ನೂ ಎರಡು ಫೈಬರ್‌ಗಳಲ್ಲಿ ಯಾವುದಾದರೂ ಒಂದಕ್ಕೆ ಕಟ್ಟಿದ್ದರು. ಮೊದಲ ಲ್ಯಾಬ್ ಖಾಲಿ ಇದ್ದಾಗ ಅದರ 100 ಎಂಬಿಪಿಎಸ್ ಸುಮ್ಮನೆ ಬಿದ್ದಿರುತ್ತಿತ್ತು. ಅದೇ ಹೊತ್ತಿಗೆ ಎರಡನೇ ಲ್ಯಾಬ್‌ನಿಂದ ‘ನೆಟ್ ನಡೀವಲ್ದು ಸರ್’ ಎಂಬ ಕೂಗು. ಒಂದು ಲೈನ್ ಸತ್ತರೆ ಆ ಲ್ಯಾಬ್ ಇಡೀ ದಿನ ಸತ್ತ ಹಾಗೆ. ಯಾರಾದರೂ ಹೋಗಿ ಸ್ವಿಚ್‌ನಲ್ಲಿ ಕೇಬಲ್ ಬದಲಿಸಬೇಕಿತ್ತು.

ಆಡಳಿತ ಮಂಡಳಿ ಕೇಳಿದ್ದು ಸರಳ: ಮೂರನ್ನೂ ಸೇರಿಸಿ ಒಂದು ಮಾಡಿ. ಈ ಮಾತಿನಲ್ಲಿದ್ದ ತಪ್ಪು ನಿರೀಕ್ಷೆಯನ್ನು ಮೊದಲೇ ತಿಳಿಸಬೇಕಾಯಿತು. ಬೇರೆ ಬೇರೆ ಕಂಪನಿಗಳ ಲೈನ್‌ಗಳನ್ನು ಪ್ರಾಕ್ಸಿಯಲ್ಲಿ ಸೇರಿಸಿದರೆ 100ಕ್ಕೆ 50 ಕೂಡಿ ಒಬ್ಬನಿಗೆ 150 ಸಿಗುವುದಿಲ್ಲ. ಓಣಿಯಲ್ಲಿ ಮೂರು ನಳ ಇದ್ದರೂ ಒಂದು ಕೊಡ ತುಂಬುವುದು ಒಂದೇ ನಳದಡಿ. ಕೊಡಗಳು ಹಲವು ಇದ್ದಾಗ ಮಾತ್ರ ಮೂರು ನಳದ ಲಾಭ. ಒಂದು ಟಿಸಿಪಿ ಸಂಪರ್ಕ ಹುಟ್ಟಿದ ಲೈನಿನಲ್ಲೇ ಸಾಯುತ್ತದೆ. ಯಾವ ಸಂಪರ್ಕ ಯಾವ ಲೈನಿನಲ್ಲಿ ಹುಟ್ಟಬೇಕು ಎಂಬಷ್ಟೇ ನಮ್ಮ ಕೈಯಲ್ಲಿರುವ ತೀರ್ಮಾನ.

ಸರ್ವರ್ ಎಂದರೆ ಹಳೆಯ ಡೆಸ್ಕ್‌ಟಾಪ್: 16 ಜಿಬಿ ರ್‍ಯಾಮ್, 480 ಜಿಬಿ ಎಸ್‌ಎಸ್‌ಡಿ, ಲಿನಕ್ಸ್, ಸ್ಕ್ವಿಡ್. ಶಹಾಬಾದ್ ಫರ್ಸಿಯ ಕಪಾಟಿನ ಮೇಲೆ ಕೂತಿತ್ತು, ಎಸಿ ಇರಲಿಲ್ಲ. ಒಂದೇ ನೆಟ್‌ವರ್ಕ್ ಕಾರ್ಡ್, ಅದರ ಮುಂದೆ 8 ಪೋರ್ಟ್‌ನ ಮ್ಯಾನೇಜ್ಡ್ ಸ್ವಿಚ್. ಮೂರು ಲೈನ್‌ಗೆ ಮೂರು ವಿಎಲ್‌ಎಎನ್ (ಒಂದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ಜಾಲ): 11, 12, 13. ಪ್ರತಿ ಕಂಪನಿಯ ರೌಟರ್ ಅದರದರ ಜಾಲದಲ್ಲಿ .1, ಸರ್ವರ್ .2. ಅಂದರೆ ಸರ್ವರ್‌ಗೆ ಹೊರಮುಖವಾಗಿ 192.168.11.2, 192.168.12.2, 192.168.13.2 ಎಂಬ ಮೂರು ವಿಳಾಸ.

ಮೊದಲ ಯತ್ನ: ಒಂದೇ ಸ್ಕ್ವಿಡ್, ಮೂರು ಹೊರವಿಳಾಸ

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಇದೇ. ಟಿಸಿಪಿ_ಔಟ್‌ಗೋಯಿಂಗ್_ಅಡ್ರೆಸ್ ಎಂಬ ಆಜ್ಞೆಗೆ ರ್‍ಯಾಂಡಮ್ ಬಗೆಯ ಎಸಿಎಲ್ (ಆಜ್ಞೆ ಯಾವ ಕೋರಿಕೆಗೆ ಅನ್ವಯ ಎಂದು ಹೇಳುವ ಷರತ್ತು) ಜೋಡಿಸಿದರೆ ಸ್ಕ್ವಿಡ್ ಒಮ್ಮೆ ಈ ವಿಳಾಸದಿಂದ, ಒಮ್ಮೆ ಆ ವಿಳಾಸದಿಂದ ಹೊರಡುತ್ತದೆ. ಹಾಗೆ ಮಾಡಿದ ಕೂಡಲೇ ಮೂರರಲ್ಲಿ ಎರಡು ಪಾಲು ಪುಟಗಳು ನೇತಾಡತೊಡಗಿದವು.

ಕಾರಣ ಸ್ಕ್ವಿಡ್ ಅಲ್ಲ. ಆ ಆಜ್ಞೆ ಕಳುಹಿಸುವವರ ವಿಳಾಸವನ್ನು ಬದಲಿಸುತ್ತದೆ, ದಾರಿಯನ್ನಲ್ಲ. ಲಿನಕ್ಸ್ ದಾರಿ ಹುಡುಕುವುದು ತಲುಪಬೇಕಾದ ವಿಳಾಸ ನೋಡಿ, ಹಾಗಾಗಿ 12.2 ಎಂದು ಹೆಸರು ಬರೆದ ಪ್ಯಾಕೆಟ್ ಕೂಡ ಡಿಫಾಲ್ಟ್ ಗೇಟ್‌ವೇ ಆದ 11.1ರ ಕಡೆಗೇ ಹೋಯಿತು. ಆ ರೌಟರ್‌ಗೆ 12.2 ಯಾರೆಂದೇ ಗೊತ್ತಿಲ್ಲ, ಉತ್ತರ ವಾಪಸ್ ಬರಲಿಲ್ಲ. ಪ್ರತಿ ಲೈನಿಗೂ ಬೇರೆ ರೌಟಿಂಗ್ ಟೇಬಲ್ ಮಾಡಿ, ಅದರಲ್ಲಿ ಅದರದೇ ಡಿಫಾಲ್ಟ್ ದಾರಿ ಬರೆದು, ‘ಐಪಿ ರೂಲ್’ನಲ್ಲಿ ‘12.2ರಿಂದ ಹೊರಟದ್ದು 12ರ ಟೇಬಲ್ ನೋಡಲಿ’ ಎಂದು ಹೇಳಿದ ಮೇಲೆ ಸರಿಯಾಯಿತು. ಜೊತೆಗೆ ಆರ್‌ಪಿ_ಫಿಲ್ಟರ್ ಅನ್ನು 2ಕ್ಕೆ, ಅಂದರೆ ಸಡಿಲ ಪರೀಕ್ಷೆಗೆ ಇಟ್ಟರು. ಇದು 1 ಇದ್ದರೆ ಅನಿರೀಕ್ಷಿತ ಕಡೆಯಿಂದ ಬಂದ ಉತ್ತರವನ್ನು ಕರ್ನಲ್ ಸದ್ದಿಲ್ಲದೆ ಬಿಸಾಡುತ್ತದೆ. ಇಂಟರ್‌ಫೇಸಿನ ಬೆಲೆ ಮತ್ತು ‘ಆಲ್’ ಬೆಲೆ, ಎರಡರಲ್ಲಿ ದೊಡ್ಡದು ಜಾರಿಗೆ ಬರುತ್ತದೆ ಎಂಬುದು ನೆನಪಿರಲಿ.

ಆದರೂ ಈ ದಾರಿ ಒಂದು ವಾರಕ್ಕಿಂತ ಹೆಚ್ಚು ಉಳಿಯಲಿಲ್ಲ. ಲೈನ್ ಸತ್ತರೂ ಸ್ಕ್ವಿಡ್ ಅದೇ ವಿಳಾಸದಿಂದ ಹೊರಡುತ್ತಲೇ ಇರುತ್ತದೆ, ಬದುಕಿದ್ದನ್ನು ಆರಿಸಿಕೊಳ್ಳುವ ಬುದ್ಧಿ ಆ ಆಜ್ಞೆಗಿಲ್ಲ. ಇನ್ನೊಂದು ತೊಡಕನ್ನು ಸ್ಕ್ವಿಡ್‌ನ ಕೈಪಿಡಿಯೇ ಹೇಳುತ್ತದೆ: ಬಳಕೆದಾರನನ್ನು ನೋಡಿ ಹೊರವಿಳಾಸ ಆರಿಸುವುದಾದರೆ ಸರ್ವರ್ ಕಡೆಯ ಪರ್ಸಿಸ್ಟೆಂಟ್ ಸಂಪರ್ಕಗಳನ್ನು (ಒಂದು ಕೋರಿಕೆ ಮುಗಿದರೂ ಮುಚ್ಚದೆ ಮತ್ತೆ ಬಳಸುವಂಥವನ್ನು) ಆಫ್ ಮಾಡಬೇಕು, ಇಲ್ಲವಾದರೆ ಒಬ್ಬನಿಗೆಂದು ತೆರೆದ ಸಂಪರ್ಕದಲ್ಲಿ ಇನ್ನೊಬ್ಬನ ಕೋರಿಕೆ ಹೋಗುತ್ತದೆ. ಆಫ್ ಮಾಡಿದರೆ ಪ್ರತಿ ಚಿತ್ರಕ್ಕೂ ಹೊಸ ಸಂಪರ್ಕ.

ಎರಡನೇ ಯತ್ನ: ಮುಂಬಾಗಿಲು ಒಂದು, ಹಿತ್ತಲ ಬಾಗಿಲು ಮೂರು

ಆಗ ನಾಲ್ಕು ಸ್ಕ್ವಿಡ್‌ಗಳ ವ್ಯವಸ್ಥೆಗೆ ಹೋದರು. ಎಲ್ಲರೂ ಬರುವ ಮುಂಬಾಗಿಲ ಸ್ಕ್ವಿಡ್ 3128ನೇ ಪೋರ್ಟ್‌ನಲ್ಲಿ. ಅದರ ಹಿಂದೆ ಲೈನಿಗೊಂದರಂತೆ ಮೂರು ಹಿತ್ತಲ ಸ್ಕ್ವಿಡ್, 127.0.0.1ರಲ್ಲಿ (ಯಂತ್ರ ತನ್ನನ್ನೇ ಕರೆಯುವ ಲೂಪ್‌ಬ್ಯಾಕ್ ವಿಳಾಸ) 4001, 4002, 4003. ಮುಂಬಾಗಿಲಿನವನು ಇವರನ್ನು ಕ್ಯಾಶ್_ಪೀರ್ ಆಜ್ಞೆಯಲ್ಲಿ ಪೇರೆಂಟ್, ಅಂದರೆ ಕೋರಿಕೆಯನ್ನು ದಾಟಿಸಬೇಕಾದ ಮುಂದಿನ ಪ್ರಾಕ್ಸಿ ಎಂದು ಬರೆದು, ರೌಂಡ್-ರಾಬಿನ್ ಸರದಿಯಲ್ಲಿ ಕೋರಿಕೆ ಹಂಚುತ್ತಾನೆ. ಪ್ರತಿ ಹಿತ್ತಲಿಗೂ ಸ್ವಂತ ಕ್ಯಾಶ್ ಡಿಸ್ಕ್ ಕೊಟ್ಟಿದ್ದರು.

ಮೊದಲ ದಿನವೇ ಲಾಗ್ ತುಂಬ ‘ಫಾರ್ವರ್ಡಿಂಗ್ ಲೂಪ್’ ಎಚ್ಚರಿಕೆ. ನಾಲ್ಕೂ ಒಂದೇ ಯಂತ್ರದಲ್ಲಿದ್ದುದರಿಂದ ನಾಲ್ಕಕ್ಕೂ ಒಂದೇ ಹೆಸರು. ಕೋರಿಕೆ ಹಾದು ಬಂದ ಪ್ರಾಕ್ಸಿಗಳ ಹೆಸರಿರುವ ವಯಾ ಹೆಡರ್‌ನಲ್ಲಿ ತನ್ನದೇ ಹೆಸರು ಕಂಡ ಸ್ಕ್ವಿಡ್ ‘ಇದು ನಾನೇ ಕಳಿಸಿದ್ದು, ತಿರುಗಿ ಬಂತು’ ಎಂದುಕೊಳ್ಳುತ್ತದೆ. ವಿಸಿಬಲ್_ಹೋಸ್ಟ್‌ನೇಮ್ ನಾಲ್ಕಕ್ಕೂ ಬೇರೆ ಬೇರೆ ಕೊಟ್ಟರೆ ಮುಗಿಯಿತು. ಪಿಐಡಿ ಫೈಲ್, ಲಾಗ್ ಫೈಲ್, ಶುರು ಮಾಡುವಾಗ -ಎನ್ ಆಯ್ಕೆಯಲ್ಲಿ ಕೊಡುವ ಸೇವೆಯ ಹೆಸರು, ಇವೂ ನಾಲ್ಕಕ್ಕೆ ನಾಲ್ಕು ಇರಬೇಕು.

ಎರಡನೇ ತೊಂದರೆಗೆ ಕಾರಣ ಹುಡುಕಲು ಹೆಚ್ಚು ದಿನ ಹಿಡಿಯಿತು. ಮೊದಲ ಲೈನ್ ಸದಾ ತುಂಬಿರುತ್ತಿತ್ತು, ಉಳಿದೆರಡು ಬಹುತೇಕ ಖಾಲಿ. ಸರದಿ ಸರಿಯಾಗಿದ್ದರೆ ಹೀಗಾಗಬಾರದು. ತೂಕ ಬದಲಿಸಿದರು, ಕ್ರಮ ಬದಲಿಸಿದರು, ಏನೂ ಆಗಲಿಲ್ಲ. ಕೊನೆಗೆ ಮುಂಬಾಗಿಲಿನ ಆಕ್ಸೆಸ್ ಲಾಗ್‌ನ ಒಂಬತ್ತನೇ ಕಾಲಂ ನೋಡಿದಾಗ ಗುಟ್ಟು ಬಯಲಾಯಿತು. ಕೋರಿಕೆ ಯಾರ ಮೂಲಕ ಹೋಯಿತು ಎಂಬುದು ಅಲ್ಲಿರುತ್ತದೆ. ಕನೆಕ್ಟ್ ಕೋರಿಕೆಗಳ ಮುಂದೆಲ್ಲ ‘ಹೈರ್_ಡೈರೆಕ್ಟ್’ ಎಂದಿತ್ತು.

ಎಚ್‌ಟಿಟಿಪಿಎಸ್ ಪುಟ ಬೇಕಾದಾಗ ಬ್ರೌಸರ್ ಪ್ರಾಕ್ಸಿಗೆ ‘ಕನೆಕ್ಟ್’ ಎನ್ನುತ್ತದೆ: ಆ ಸರ್ವರ್‌ಗೆ ಒಂದು ಸುರಂಗ ತೆಗೆದುಕೊಡು, ಒಳಗೇನಿದೆ ಕೇಳಬೇಡ. ಇದರಲ್ಲಿ ಕ್ಯಾಶ್ ಮಾಡುವಂಥದ್ದು ಏನೂ ಇಲ್ಲದ್ದರಿಂದ ಸ್ಕ್ವಿಡ್ ಪೇರೆಂಟ್‌ಗಳ ತಂಟೆಗೇ ಹೋಗದೆ ನೇರ ಹೊರಡುತ್ತದೆ. ನಾನ್‌ಹೈರಾರ್ಕಿಕಲ್_ಡೈರೆಕ್ಟ್ ಎಂಬ ಆಯ್ಕೆ ಮೊದಲಿನಿಂದಲೇ ಆನ್ ಇರುವುದು ಇದಕ್ಕೇ. ಇವತ್ತಿನ ವೆಬ್ಬಿನಲ್ಲಿ ಬಹುಪಾಲು ಎಚ್‌ಟಿಟಿಪಿಎಸ್. ಅಂದರೆ ಹಂಚಿಕೆಯ ಇಡೀ ಯಂತ್ರಾಂಗ ಸಣ್ಣ ಪಾಲಿನ ಮೇಲೆ ಓಡುತ್ತಿತ್ತು, ದೊಡ್ಡ ಪಾಲು ಪಕ್ಕದಿಂದ ಹಾದು ಮೊದಲ ಲೈನಿಗೆ ಬೀಳುತ್ತಿತ್ತು. ‘ನೆವರ್_ಡೈರೆಕ್ಟ್ ಅಲೋ ಆಲ್’ ಎಂಬ ಒಂದು ಸಾಲು ಇದನ್ನು ನಿಲ್ಲಿಸಿತು. ಅದರ ಹಿಂದೆಯೇ ಕಾಲೇಜಿನ ಒಳಗಿನ ಕಲಿಕಾ ಸರ್ವರ್ ತೆರೆಯದಾಯಿತು, ಏಕೆಂದರೆ ಅದನ್ನೂ ಹೊರಗೆ ಹುಡುಕಲು ಹೋಗುತ್ತಿತ್ತು. ಒಳಜಾಲದ ವಿಳಾಸಗಳಿಗೆ ಆಲ್ವೇಸ್_ಡೈರೆಕ್ಟ್ ಕೊಟ್ಟರು. ಸ್ಕ್ವಿಡ್ ಇದನ್ನು ನೆವರ್_ಡೈರೆಕ್ಟ್‌ಗಿಂತ ಮೊದಲು ನೋಡುತ್ತದೆ.

ಈಗ ಮೂರೂ ಲೈನ್ ಸಮವಾಗಿ ಓಡಿದವು. ಗ್ರಾಫ್ ನೋಡಿದವರಿಗೆ ಸಂತೋಷ. ಆದರೆ ಮರುದಿನ ಕಚೇರಿಯಿಂದ ದೂರು: ವಿದ್ಯಾರ್ಥಿವೇತನದ ಪೋರ್ಟಲ್‌ನಲ್ಲಿ ಲಾಗಿನ್ ಆಗಿ ಎರಡು ಪುಟ ದಾಟುವುದರೊಳಗೆ ‘ಸೆಷನ್ ಮುಗಿದಿದೆ’ ಎಂದು ಹೊರಗೆ ಹಾಕುತ್ತಿದೆ. ಬ್ಯಾಂಕಿನ ತಾಣದಲ್ಲೂ ಅದೇ. ಪೋರ್ಟಲ್‌ನ ತಪ್ಪಲ್ಲ. ಮೊದಲ ಪುಟ ಒಂದು ಕಂಪನಿಯ ಐಪಿಯಿಂದ, ಎರಡನೆಯದು ಇನ್ನೊಂದರಿಂದ ಬಂದರೆ ಯಾರೋ ಸೆಷನ್ ಕದ್ದಿದ್ದಾರೆ ಎಂದು ಅದು ಭಾವಿಸುವುದು ಸರಿಯೇ. ಗ್ರಾಫ್ ಸಮ ಇದ್ದಷ್ಟೂ ಜನಕ್ಕೆ ತೊಂದರೆ ಹೆಚ್ಚು.

ಆ ಬುಧವಾರ

ಮೈಕ್ರೋಸಾಫ್ಟ್ ತಿಂಗಳ ಅಪ್‌ಡೇಟ್‌ಗಳನ್ನು ಎರಡನೇ ಮಂಗಳವಾರ ಬಿಡುಗಡೆ ಮಾಡುತ್ತದೆ. ಅಮೆರಿಕದ ಪಶ್ಚಿಮ ತೀರದ ಬೆಳಗಿನ 10 ಗಂಟೆ ಎಂದರೆ ನಮ್ಮಲ್ಲಿ ಮಂಗಳವಾರ ರಾತ್ರಿ 10:30 ಅಥವಾ 11:30. ಆಗ ಲ್ಯಾಬ್ ಬಂದ್. ಬುಧವಾರ ಬೆಳಿಗ್ಗೆ 120 ಸಿಸ್ಟಮ್ ಒಟ್ಟಿಗೆ ಎದ್ದು ಒಂದೇ ಫೈಲ್ ಕೇಳುತ್ತವೆ. ಫೈಲ್ 1 ಜಿಬಿ ಎಂದುಕೊಳ್ಳಿ. 120 ಜಿಬಿಯನ್ನು 100 ಎಂಬಿಪಿಎಸ್‌ನಲ್ಲಿ ಎಳೆಯಲು, ಲೈನ್ ಪೂರ್ತಿ ಇದಕ್ಕೇ ಬಿಟ್ಟರೂ, 2 ಗಂಟೆ 40 ನಿಮಿಷ. ಕ್ಯಾಶ್ ಬೇಕಾದದ್ದೇ ಇದಕ್ಕಾಗಿ. ಈ ಅಪ್‌ಡೇಟ್‌ಗಳ ದೊಡ್ಡ ಫೈಲ್‌ಗಳು ಸಾದಾ ಎಚ್‌ಟಿಟಿಪಿಯಲ್ಲೇ ಬರುತ್ತವೆ, ಫೈಲ್ ಅಸಲಿಯೇ ಎಂಬುದನ್ನು ವಿಂಡೋಸ್ ಸಹಿ ಮತ್ತು ಹ್ಯಾಶ್‌ನಿಂದ (ಫೈಲಿನಿಂದಲೇ ಲೆಕ್ಕ ಹಾಕಿದ ಗುರುತು ಸಂಖ್ಯೆ) ತಾನೇ ಪರೀಕ್ಷಿಸಿಕೊಳ್ಳುತ್ತದೆ. ಉಬುಂಟು, ಡೆಬಿಯನ್ ಪ್ಯಾಕೇಜ್ ಮಿರರ್‌ಗಳಲ್ಲಿ ಹಲವು ಕೂಡ ಹೀಗೇ. ಎಚ್‌ಟಿಟಿಪಿಎಸ್ ಕಾಲದಲ್ಲಿ ಕ್ಯಾಶ್‌ಗೆ ಉಳಿದಿರುವ ಹೊಲ ಇಷ್ಟೇ, ಆದರೆ ಲ್ಯಾಬ್ ನಡೆಸುವವರಿಗೆ ಇದು ಚಿಕ್ಕ ಹೊಲವಲ್ಲ.

ವಿಂಡೋಸ್ ಫೈಲನ್ನು ಪೂರ್ತಿ ಕೇಳುವುದಿಲ್ಲ, ‘ಇಷ್ಟನೇ ಬೈಟ್‌ನಿಂದ ಇಷ್ಟನೇ ಬೈಟ್‌ವರೆಗೆ’ ಎಂದು ತುಂಡು ತುಂಡಾಗಿ ಕೇಳುತ್ತದೆ. ಸ್ಕ್ವಿಡ್ ತುಂಡುಗಳನ್ನು ಕ್ಯಾಶ್ ಮಾಡುವುದಿಲ್ಲ. ಅದಕ್ಕೆ ಪರಿಹಾರವಾಗಿ ರೇಂಜ್_ಆಫ್‌ಸೆಟ್_ಲಿಮಿಟ್ ಅನ್ನು ‘ನನ್’ (ಮಿತಿ ಇಲ್ಲ) ಮಾಡುವುದು ವಾಡಿಕೆ: ಯಾರು ಯಾವ ತುಂಡು ಕೇಳಿದರೂ ಸ್ಕ್ವಿಡ್ ಫೈಲನ್ನು ಮೊದಲಿನಿಂದ ತಂದು, ಕೇಳಿದ ತುಂಡನ್ನು ಕೊಟ್ಟು, ಪೂರ್ತಿ ಫೈಲ್ ಉಳಿಸಿಕೊಳ್ಳುತ್ತದೆ. ಆ ಬುಧವಾರಕ್ಕೆ ಮುಂಚೆ ಈ ಸಾಲು ಹಾಕಿದ್ದರು. ಆದರೆ ಕ್ಯಾಶ್‌ನಲ್ಲಿ ಇಡಬಹುದಾದ ಫೈಲಿನ ಗರಿಷ್ಠ ಗಾತ್ರ ಹೇಳುವ ಮ್ಯಾಕ್ಸಿಮಮ್_ಆಬ್ಜೆಕ್ಟ್_ಸೈಜ್ 4 ಎಂಬಿಯಲ್ಲೇ ಉಳಿದಿತ್ತು. ಕಾನ್ಫಿಗ್‌ನಲ್ಲಿ 6 ಜಿಬಿ ಎಂದು ಬರೆದದ್ದೇನೋ ನಿಜ, ಆದರೆ ಕ್ಯಾಶ್ ಇಡುವ ಡಿಸ್ಕ್ ಜಾಗ ಹೇಳುವ ಕ್ಯಾಶ್_ಡಿರ್ ಸಾಲಿನ ಕೆಳಗೆ. ಸ್ಕ್ವಿಡ್ ಫೈಲನ್ನು ಮೇಲಿನಿಂದ ಓದುತ್ತಾ ಬರುತ್ತದೆ, ಕ್ಯಾಶ್_ಡಿರ್ ಕಂಡಾಗ ಆವರೆಗಿನ ಮಿತಿಯನ್ನೇ ಆ ಡಿಸ್ಕ್‌ಗೆ ಅಂಟಿಸುತ್ತದೆ. ಕೆಳಗೆ ಬರೆದದ್ದಕ್ಕೆ ಬೆಲೆ ಇಲ್ಲ.

ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. 600 ಎಂಬಿಯ ಫೈಲನ್ನು ಒಂದು ಸಿಸ್ಟಮ್ 10 ತುಂಡಾಗಿ ಕೇಳುತ್ತದೆ ಎನ್ನೋಣ. ಪ್ರತಿ ತುಂಡಿಗೂ ಸ್ಕ್ವಿಡ್ ಮೊದಲ ಬೈಟ್‌ನಿಂದ ಶುರು ಮಾಡಿ ಆ ತುಂಡಿನವರೆಗೆ ತರುತ್ತದೆ: 60, 120, 180, ಹೀಗೆ 600ರವರೆಗೆ. ಕೂಡಿದರೆ 3,300 ಎಂಬಿ, ಅಂದರೆ ಐದೂವರೆ ಪಟ್ಟು. ಒಂದು ಲ್ಯಾಬ್‌ನ 40 ಸಿಸ್ಟಮ್‌ಗೆ ಕ್ಯಾಶ್ ಇಲ್ಲದಿದ್ದರೂ 24 ಜಿಬಿ ಸಾಕಾಗುತ್ತಿತ್ತು. ಕ್ಯಾಶ್ ಹಾಕಿದ ಪುಣ್ಯಕ್ಕೆ 132 ಜಿಬಿ. ಅದೂ ಮೂರೂ ಲೈನಿಗೆ ಸಮನಾಗಿ ಹಂಚಿಕೊಂಡು: 4ಜಿಯ ದಿನದ ಡೇಟಾ ಬೆಳಗಿನ ಮೊದಲ ತಾಸಿನಲ್ಲೇ ಮುಗಿದಿತ್ತು.

ಸಾಲಿನ ಕ್ರಮ ಸರಿಪಡಿಸಿದ ಮೇಲೂ ಇನ್ನೊಂದು ನಷ್ಟ ಉಳಿದಿತ್ತು. ಹಿತ್ತಲ ಸ್ಕ್ವಿಡ್‌ಗಳಿಗೆ ಪ್ರತ್ಯೇಕ ಕ್ಯಾಶ್, ಮುಂದೆ ರೌಂಡ್-ರಾಬಿನ್. ಒಂದೇ ಫೈಲ್ ಮೂರು ಕಡೆ ಮೂರು ಸಲ ಇಳಿಯುತ್ತಿತ್ತು, ಡಿಸ್ಕ್‌ನಲ್ಲಿ ಮೂರು ಪ್ರತಿ. ಸ್ಕ್ವಿಡ್‌ನ ‘ಕಾರ್ಪ್’ ವಿಧಾನ ಹಾಕುವ ಮಾತು ಬಂತು. ಅದು ಯುಆರ್‌ಎಲ್ ಅನ್ನು ಹ್ಯಾಶ್ ಮಾಡಿ ಒಂದು ಯುಆರ್‌ಎಲ್ ಯಾವಾಗಲೂ ಒಂದೇ ಪೇರೆಂಟ್‌ಗೆ ಹೋಗುವಂತೆ ಮಾಡುತ್ತದೆ. ಕ್ಯಾಶ್ ಪ್ರತಿಗಳು ಒಂದಕ್ಕಿಳಿಯುತ್ತವೆ. ಆದರೆ ಆ ತಿಂಗಳ ದೊಡ್ಡ ಫೈಲ್ ಹ್ಯಾಶ್‌ನ ಹಣೆಬರಹದಲ್ಲಿ 4ಜಿಗೆ ಬಿದ್ದರೆ? ಜೊತೆಗೆ ಲಾಗಿನ್ ಒಂದು ಹೆಸರಿನ ಸರ್ವರ್‌ನಲ್ಲಿ, ಅರ್ಜಿ ಇನ್ನೊಂದು ಹೆಸರಿನದರಲ್ಲಿ ಇರುವ ಪೋರ್ಟಲ್‌ಗಳು ಕಾರ್ಪ್‌ನಲ್ಲೂ ಎರಡು ಲೈನಿಗೆ ಸೀಳುತ್ತವೆ.

ತಿರುವು

ಪ್ರಶ್ನೆಯನ್ನೇ ತಪ್ಪಾಗಿ ಕೇಳಿಕೊಂಡಿದ್ದರು ಎಂಬುದು ಇಲ್ಲಿ ಗೊತ್ತಾಯಿತು. ‘ಯಾವ ಹಂಚಿಕೆ ವಿಧಾನ ಒಳ್ಳೆಯದು’ ಎಂದು ಚರ್ಚೆ ನಡೆದಿತ್ತು. ಆದರೆ ಕ್ಯಾಶ್‌ಗೆ ಬೇಕಾದದ್ದು ಒಂದೇ ಫೈಲ್ ಒಂದೇ ಕಡೆ ಇರುವುದು. ಲಾಗಿನ್‌ಗೆ ಬೇಕಾದದ್ದು ಒಬ್ಬನೇ ಮನುಷ್ಯ ಒಂದೇ ದಾರಿಯಲ್ಲಿ ಹೋಗುವುದು. ಒಂದೇ ಬೀಗದ ಕೈಯಿಂದ ಈ ಎರಡು ಬೀಗ ತೆರೆಯುವುದಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಸಿಮೆಂಟ್ ಗೂಡ್ಸನ್ನೂ ಪ್ಯಾಸೆಂಜರ್ ಗಾಡಿಯನ್ನೂ ಒಂದೇ ನಿಯಮದಲ್ಲಿ ಬಿಡುತ್ತಾರೆಯೇ?

ಮೊದಲ ಬದಲಾವಣೆ: ಕ್ಯಾಶ್ ಅನ್ನು ಹಿತ್ತಲಿಂದ ಕಿತ್ತು ಮುಂಬಾಗಿಲಿಗೆ ತಂದರು. ಮುಂಬಾಗಿಲಿನಲ್ಲಿ 200 ಜಿಬಿಯ ಒಂದೇ ಕ್ಯಾಶ್_ಡಿರ್. ಡಿಸ್ಕ್‌ನ ಪ್ರತಿ ಜಿಬಿ ಕ್ಯಾಶ್‌ಗೆ 64 ಬಿಟ್ ಯಂತ್ರದಲ್ಲಿ ಸುಮಾರು 14 ಎಂಬಿ ರ್‍ಯಾಮ್ ಸೂಚಿಗೇ ಬೇಕು, ಹಾಗಾಗಿ 2.8 ಜಿಬಿ ಅದಕ್ಕೆ ಹೋಯಿತು. 480 ಜಿಬಿ ಡಿಸ್ಕ್ ಇದೆಯೆಂದು 450 ಕೊಡುವವರಿದ್ದಾರೆ, ರ್‍ಯಾಮ್ ಲೆಕ್ಕ ಮರೆತಿರುತ್ತಾರೆ. ಹಿತ್ತಲಿನ ಮೂವರಿಗೂ ‘ಕ್ಯಾಶ್ ಡಿನೈ ಆಲ್’, ಡಿಸ್ಕ್ ಇಲ್ಲ. ಅವರು ಇನ್ನು ಬರೀ ಬಾಗಿಲು. ಹಂಚಿಕೆ ಹೇಗೆ ಮಾಡಿದರೂ ಪ್ರತಿ ಒಂದೇ.

ಎರಡನೆಯದು: ಫೈಬರ್‌ಗಳ ಹಿತ್ತಲಿಗೆ ಎರಡೆರಡು ಪೋರ್ಟ್, 4ಜಿಯದಕ್ಕೆ ಒಂದೇ. 4001, 4002 ಸರಕಿಗೆ; 4101, 4102, 4103 ಜನಕ್ಕೆ. ಮುಂಬಾಗಿಲಿನಲ್ಲಿ ಅಪ್‌ಡೇಟ್ ಮತ್ತು ಮಿರರ್‌ಗಳ ಡೊಮೇನ್ ಪಟ್ಟಿಗೆ ‘ಸರಕು’ ಎಂಬ ಎಸಿಎಲ್. ಸರಕಿನ ಪೀರ್‌ಗಳು ರೌಂಡ್-ರಾಬಿನ್, ತೂಕ 2 ಮತ್ತು 1. 4ಜಿಗೆ ಸರಕಿನ ಪೋರ್ಟ್ ಕೊಡಲೇ ಇಲ್ಲ. ಇಲ್ಲಿ ಹೆಸರು ನೋಡಿ ಮೋಸ ಹೋಗುವ ಜಾಗ ಒಂದಿದೆ: ‘ವೆಯ್ಟೆಡ್-ರೌಂಡ್-ರಾಬಿನ್’ ಎಂಬ ಬೇರೆಯೇ ಆಯ್ಕೆ ಸ್ಕ್ವಿಡ್‌ನಲ್ಲಿದೆ, ಅದು ಹಂಚುವುದು ಪೇರೆಂಟ್‌ಗೆ ಹೋಗಿ ಬರುವ ಸಮಯ ನೋಡಿ. ಮೂರೂ ಅದೇ ಯಂತ್ರದಲ್ಲಿದ್ದಾಗ ಆ ಅಳತೆಗೆ ಅರ್ಥವಿಲ್ಲ. ಬೇಕಾದದ್ದು ಸಾದಾ ರೌಂಡ್-ರಾಬಿನ್, ಅದಕ್ಕೆ ವೆಯ್ಟ್ ಸಂಖ್ಯೆ.

ಉಳಿದೆಲ್ಲಕ್ಕೂ, ಅಂದರೆ ಎಲ್ಲ ಕನೆಕ್ಟ್‌ಗೂ ಪಟ್ಟಿಯಲ್ಲಿಲ್ಲದ ಎಚ್‌ಟಿಟಿಪಿಗೂ, ಸೋರ್ಸ್‌ಹ್ಯಾಶ್. ಇದು ಕೇಳಿದವನ ಐಪಿ ನೋಡಿ ಹಂಚುತ್ತದೆ: 14ನೇ ಸಿಸ್ಟಮ್ ಎರಡನೇ ಲೈನಿಗೆ ಬಿದ್ದರೆ ಆ ಲೈನ್ ಬದುಕಿರುವಷ್ಟು ಹೊತ್ತು ಅದೇ ಲೈನ್. ತೂಕ 10, 5, 1. ಸ್ಕ್ವಿಡ್ ಸೋರ್ಸ್‌ಹ್ಯಾಶ್ ಪೀರ್‌ಗಳನ್ನು ರೌಂಡ್-ರಾಬಿನ್‌ಗಿಂತ ಮೊದಲು ಪರಿಗಣಿಸುವುದರಿಂದ, ಜನದ ಪೀರ್‌ಗಳ ಮೇಲೆ ಕ್ಯಾಶ್_ಪೀರ್_ಆಕ್ಸೆಸ್‌ನಲ್ಲಿ ‘ಸರಕು ಬೇಡ’ ಎಂದು ಸ್ಪಷ್ಟವಾಗಿ ಬರೆಯಬೇಕು. ಸರಕಿನ ಪೀರ್‌ಗಳಿಗೆ ಸರಕು ಬಿಟ್ಟು ಉಳಿದದ್ದು ಬೇಡ. ಒಂದು ಕಡೆ ಬರೆದು ಇನ್ನೊಂದು ಕಡೆ ಬಿಟ್ಟರೆ ಅಪ್‌ಡೇಟ್‌ಗಳೂ 4ಜಿಗೆ ಇಣುಕುತ್ತವೆ.

ರೇಂಜ್_ಆಫ್‌ಸೆಟ್_ಲಿಮಿಟ್ ‘ನನ್’ ಅನ್ನು ಸರಕಿನ ಎಸಿಎಲ್‌ಗೆ ಮಾತ್ರ ಉಳಿಸಿದರು. ಮ್ಯಾಕ್ಸಿಮಮ್_ಆಬ್ಜೆಕ್ಟ್_ಸೈಜ್ 6 ಜಿಬಿ, ಈ ಸಲ ಕ್ಯಾಶ್_ಡಿರ್‌ಗಿಂತ ಮೇಲೆ. ಕ್ವಿಕ್_ಅಬಾರ್ಟ್_ಮಿನ್ -1, ಅಂದರೆ ಕೇಳಿದವನು ನಡುವೆ ಕೈಬಿಟ್ಟರೂ ಶುರುವಾದ ಇಳಿಕೆ ಮುಗಿಯಲಿ. ಇಷ್ಟಾದರೂ ಫೈಲ್ ಪೂರ್ತಿ ಇಳಿಯುವ ಮುಂಚೆ 40 ಸಿಸ್ಟಮ್ ಒಟ್ಟಿಗೆ ಬಂದರೆ ಹಲವು ಇಳಿಕೆಗಳು ಶುರುವಾಗುತ್ತವೆ. ಅದಕ್ಕೆ ಖಚಿತ ಮದ್ದು ತಂತ್ರಾಂಶದಲ್ಲಿ ಸಿಗಲಿಲ್ಲ, ವೇಳಾಪಟ್ಟಿಯಲ್ಲಿ ಸಿಕ್ಕಿತು: ಎರಡನೇ ಮಂಗಳವಾರದ ಮಧ್ಯರಾತ್ರಿ ಪ್ರತಿ ಮಾದರಿಯ ಒಂದೊಂದು ಸಿಸ್ಟಮ್ ಮಾತ್ರ ಎದ್ದು ಅಪ್‌ಡೇಟ್ ಎಳೆಯುತ್ತದೆ, ಬೆಳಿಗ್ಗೆ ಉಳಿದವಕ್ಕೆ ಕ್ಯಾಶ್‌ನಲ್ಲಿ ಸಿದ್ಧ. ಒಳಗಿನ ಗಿಗಾಬಿಟ್ ಜಾಲದಲ್ಲಿ 120 ಜಿಬಿ ಹಂಚಲು ಲೆಕ್ಕದ ಪ್ರಕಾರ 16 ನಿಮಿಷ.

ಮೊದಲ ರಾತ್ರಿ ಕ್ಯಾಶ್‌ಗೆ ಏನೂ ಬರಲಿಲ್ಲ. ಬ್ರೌಸರ್‌ನಲ್ಲಿ ಪ್ರಾಕ್ಸಿ ಹಾಕಿದರೆ ವಿಂಡೋಸ್ ಅಪ್‌ಡೇಟ್ ಸೇವೆಗೆ ಅದು ಕಾಣುವುದಿಲ್ಲ. ಅದು ನೋಡುವುದು ವಿಂಡೋಸ್‌ನ ಹಿನ್ನೆಲೆ ಸೇವೆಗಳು ಬಳಸುವ ವಿನ್‌ಎಚ್‌ಟಿಟಿಪಿಯ ಪ್ರಾಕ್ಸಿಯನ್ನು. ‘ನೆಟ್‌ಶ್ ವಿನ್‌ಎಚ್‌ಟಿಟಿಪಿ ಸೆಟ್ ಪ್ರಾಕ್ಸಿ’ ಆಜ್ಞೆಯನ್ನು ಪ್ರತಿ ಸಿಸ್ಟಮ್‌ನಲ್ಲಿ ಅಡ್ಮಿನ್ ಹಕ್ಕಿನಿಂದ ಕೊಡಬೇಕಾಯಿತು.

ತಾಣದ ಹೆಸರಿಗೆ ಐಪಿ ವಿಳಾಸ ಹೇಳುವ ಡಿಎನ್‌ಎಸ್ ಬಗ್ಗೆಯೂ ಒಂದು ಮಾತು. ಹಿತ್ತಲಿನವರು ಹೆಸರುಗಳನ್ನು ತಾವೇ ಹುಡುಕುತ್ತಾರೆ, ಕಂಪನಿಗಳ ಡಿಎನ್‌ಎಸ್ ಸರ್ವರ್‌ಗಳು ಹೊರಗಿನ ಜಾಲದಿಂದ ಬಂದ ಪ್ರಶ್ನೆಗೆ ಉತ್ತರಿಸದಿರಬಹುದು. ಪ್ರತಿ ಹಿತ್ತಲಿಗೆ ಅದರದೇ ಕಂಪನಿಯ ಡಿಎನ್‌ಎಸ್, ಆ ಡಿಎನ್‌ಎಸ್ ವಿಳಾಸಕ್ಕೆ ಅದೇ ಲೈನಿನಿಂದ /32 ದಾರಿ (ಆ ಒಂದೇ ವಿಳಾಸಕ್ಕೆ ಅನ್ವಯಿಸುವ ದಾರಿ). ದೊಡ್ಡ ತಾಣಗಳು ಕೇಳಿದ ಡಿಎನ್‌ಎಸ್ ನೋಡಿ ಹತ್ತಿರದ ಸರ್ವರ್ ತೋರಿಸುವುದರಿಂದ ವೇಗಕ್ಕೂ ಇದು ಒಳ್ಳೆಯದು.

ಜೆಸಿಬಿ ಬಂದ ದಿನ

ಲೈನ್ ಬದುಕಿದೆಯೇ ಎಂದು ನೋಡುವ ಸ್ಕ್ರಿಪ್ಟ್ ಮೊದಲಿನಿಂದಲೇ ಇತ್ತು: ಗೇಟ್‌ವೇಗೆ ಪಿಂಗ್. ರಸ್ತೆ ಅಗಲೀಕರಣದ ಜೆಸಿಬಿ ಫೈಬರ್ ಕಿತ್ತ ದಿನ ಆ ಸ್ಕ್ರಿಪ್ಟ್ ಸಂಜೆವರೆಗೂ ‘ಎಲ್ಲ ಸರಿ’ ಎನ್ನುತ್ತಲೇ ಇತ್ತು. ಗೇಟ್‌ವೇ ಎಂದರೆ ಕಪಾಟಿನಲ್ಲೇ ಕೂತ ಕಂಪನಿಯ ರೌಟರ್, ಕರೆಂಟ್ ಇರುವವರೆಗೆ ಅದು ಪಿಂಗ್‌ಗೆ ಉತ್ತರಿಸುತ್ತದೆ. ಮುಂಬಾಗಿಲ ಸ್ಕ್ವಿಡ್‌ಗೂ ಸಂಶಯ ಬರಲಿಲ್ಲ. ಪೇರೆಂಟ್ ಸತ್ತಿದೆಯೇ ಎಂದು ಅದು ನೋಡುವುದು 127.0.0.1ರ ಪೋರ್ಟ್ ತೆರೆಯುತ್ತದೆಯೇ ಎಂದಷ್ಟೇ, ಹಿತ್ತಲ ಸ್ಕ್ವಿಡ್ ಬಾಗಿಲು ತೆರೆದು ಸುಮ್ಮನೆ ನಿಂತಿತ್ತು. ಆ ಬಾಗಿಲ ಆಚೆ ಗುಂಡಿ.

ಇನ್ನೊಂದು ಕಹಿ ಸತ್ಯವೂ ಅದೇ ದಿನ ಹೊರಬಿತ್ತು. ಎರಡು ಕಂಪನಿಗಳ ಎರಡು ಫೈಬರ್, ಆದರೆ ಕೊನೆಯ ಒಂದು ಫರ್ಲಾಂಗು ಒಂದೇ ಗುಂಡಿಯಲ್ಲಿ. ಎರಡೂ ಒಟ್ಟಿಗೆ ಹೋದವು. ಹೊಸ ಲೈನ್ ತೆಗೆದುಕೊಳ್ಳುವಾಗ ಬಿಲ್ ಯಾರದು ಎಂದು ನೋಡಿದರೆ ಸಾಲದು, ಕೇಬಲ್ ಕಾಂಪೌಂಡಿಗೆ ಎಲ್ಲಿಂದ ಬರುತ್ತದೆ ಎಂದು ನಡೆದು ನೋಡಬೇಕು. ಆಮೇಲೆ ಎರಡನೆಯದನ್ನು ಹಿಂದಿನ ಗೇಟ್ ಕಡೆಯ ಕಂಬದಿಂದ ಎಳೆಸಿದರು.

ಸ್ಕ್ರಿಪ್ಟ್ ಬದಲಾಯಿತು. ಈಗ ಪ್ರತಿ 10 ಸೆಕೆಂಡಿಗೆ ಪ್ರತಿ ಫೈಬರ್‌ನ ಹೊರವಿಳಾಸದಿಂದ ‘ಕರ್ಲ್ --ಇಂಟರ್‌ಫೇಸ್’ ಮೂಲಕ ಎರಡು ಬೇರೆ ಬೇರೆ ತಾಣಗಳ ಸಣ್ಣ ಪುಟ ತರಿಸುತ್ತದೆ, ಕಾಯುವುದು 3 ಸೆಕೆಂಡ್. ಎರಡೂ ಬರದೆ ಹೀಗೆ ಸತತ ಮೂರು ಸಲ ಆದರೆ ಲೈನ್ ಸತ್ತಿತೆಂದು ತೀರ್ಮಾನ. 4ಜಿಗೆ ಮಾತ್ರ 10 ಸೆಕೆಂಡ್ ಬೇಡವಾಯಿತು: ದಿನಕ್ಕೆ 8,640 ಪರೀಕ್ಷೆ, ಒಂದಕ್ಕೆ 6 ಕೆಬಿ ಹಿಡಿದರೂ 50 ಎಂಬಿ ಡೇಟಾ ಬರೀ ನಾಡಿ ನೋಡುವುದಕ್ಕೇ. ಅಲ್ಲಿ ಒಂದು ನಿಮಿಷಕ್ಕೊಮ್ಮೆ.

ಸತ್ತ ಲೈನಿನ ಹಿತ್ತಲನ್ನು ಮುಚ್ಚಲು ಸ್ಕ್ವಿಡ್ ನಿಲ್ಲಿಸುವುದಿಲ್ಲ. ಫೈರ್‌ವಾಲ್‌ನಲ್ಲಿ ಅದರ ಪೋರ್ಟ್‌ಗಳಿಗೆ ಟಿಸಿಪಿ ರೀಸೆಟ್ ಸಹಿತ ರಿಜೆಕ್ಟ್ ನಿಯಮ ಹಾಕುತ್ತಾರೆ. ಮುಂಬಾಗಿಲಿಗೆ ಸಂಪರ್ಕ ಸಿಗದಾಗುತ್ತದೆ, ಕನೆಕ್ಟ್-ಫೇಲ್-ಲಿಮಿಟ್ ದಾಟಿದ ಮೇಲೆ (ಮೊದಲಿಂದ ಇರುವುದು 10, ಇಲ್ಲಿ 2) ಆ ಪೀರ್ ಸತ್ತಿತೆಂದು ಬರೆದುಕೊಂಡು ಬೇರೆಯವರ ಕಡೆ ತಿರುಗುತ್ತದೆ. ನಿಯಮ ಎಲ್ಲಿ ಕೂರುತ್ತದೆ ಎಂಬುದು ಮುಖ್ಯ. ಬಹಳ ಫೈರ್‌ವಾಲ್‌ಗಳಲ್ಲಿ ‘ಲೂಪ್‌ಬ್ಯಾಕ್ ಬಿಡು’, ‘ಈಗಾಗಲೇ ನಡೆಯುತ್ತಿರುವುದನ್ನು ಬಿಡು’ ಎಂಬ ಸಾಲುಗಳು ಮೇಲೆ ಇರುತ್ತವೆ. ಅವುಗಳ ಕೆಳಗೆ ಹಾಕಿದ ರಿಜೆಕ್ಟ್ ಎಂದೂ ಮುಟ್ಟುವುದಿಲ್ಲ. ಮೇಲೆ ಹಾಕಿದರೆ ಹಳೆಯ ಸುರಂಗಗಳೂ ಕೂಡಲೇ ಕಡಿದು ಬೀಳುತ್ತವೆ, ಅದೇ ಬೇಕಾದದ್ದು: ಬ್ರೌಸರ್ ಕಾಯುತ್ತಾ ಕೂರದೆ ಹೊಸದಾಗಿ ಕೇಳಿ ಬದುಕಿರುವ ಲೈನಿಗೆ ಬರುತ್ತದೆ.

ಲೈನ್ ವಾಪಸ್ ಬಂದಾಗ ಅವಸರ ಮಾಡಬಾರದು. ಬಂದ ಕೂಡಲೇ ತೆರೆದರೆ ಸೋರ್ಸ್‌ಹ್ಯಾಶ್ ತನ್ನ ಹಳೆಯ ಜನವನ್ನೆಲ್ಲ ಮತ್ತೆ ಅತ್ತ ಎಳೆಯುತ್ತದೆ, ಅರ್ಜಿ ತುಂಬುತ್ತಿದ್ದವರ ಸೆಷನ್ ಎರಡನೇ ಸಲ ಮುರಿಯುತ್ತದೆ. ಕೇಬಲ್ ಬೆಸೆಯುವವರು ಕೆಲಸ ಮಾಡುವಾಗ ಲೈನ್ ಐದಾರು ಸಲ ಬಂದು ಹೋಗುವುದು ಮಾಮೂಲು. 10 ನಿಮಿಷ ಸತತವಾಗಿ ಸರಿ ಇದ್ದರೆ ಮಾತ್ರ ಬಾಗಿಲು ತೆರೆಯುತ್ತದೆ.

ಎರಡೂ ಫೈಬರ್ ಹೋದರೆ ಸರಕಿಗೆ ‘ಕಳುಹಿಸಲಾಗದು’ ಎಂಬ ಪುಟ ಬರುತ್ತದೆ, ಜನ ಮಾತ್ರ 4ಜಿಯಲ್ಲಿ ನಡೆಯುತ್ತಾರೆ. ಇದು ದೋಷವಲ್ಲ, ಹಾಗೇ ಬರೆದಿದೆ. ಹೊಸಬರು ಬಂದು ಇದನ್ನು ‘ಸರಿಪಡಿಸದಂತೆ’ ಕಾನ್ಫಿಗ್‌ನಲ್ಲೇ ಟಿಪ್ಪಣಿ ಹಾಕಿದ್ದಾರೆ.

ಉಳಿದ ಎಡವಟ್ಟುಗಳು

ಗ್ರಂಥಾಲಯದವರಿಗೆ ಮಾತ್ರ ಯಾವಾಗಲೂ ನಿಧಾನ. ಅಲ್ಲಿ ವೈ-ಫೈ ರೌಟರ್ ನ್ಯಾಟ್ ಮಾಡುತ್ತಿತ್ತು, ಅಂದರೆ ಎಲ್ಲರ ವಿಳಾಸದ ಬದಲು ತನ್ನದೊಂದನ್ನೇ ತೋರಿಸುತ್ತಿತ್ತು; ಅದರ ಹಿಂದಿನ ಲ್ಯಾಪ್‌ಟಾಪ್‌ಗಳೆಲ್ಲ ಸ್ಕ್ವಿಡ್‌ಗೆ ಒಂದೇ ಐಪಿಯಾಗಿ ಕಾಣುತ್ತಿದ್ದವು. ಸೋರ್ಸ್‌ಹ್ಯಾಶ್ ಆ ಇಡೀ ಗುಂಪನ್ನು ಒಂದೇ ಲೈನಿಗೆ ನೂಕಿತ್ತು. ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಪ್ರತಿ ಲ್ಯಾಪ್‌ಟಾಪ್‌ಗೂ ಕಾಲೇಜಿನ ಡಿಎಚ್‌ಸಿಪಿಯಿಂದಲೇ ವಿಳಾಸ ಸಿಗುವಂತೆ ಮಾಡಿದ ಮೇಲೆ ಹರಡಿಕೊಂಡಿತು.

ಕರೆಂಟ್ ಹೋದಾಗ ಸರ್ವರ್ ಯುಪಿಎಸ್ ಮೇಲೆ ಬದುಕಿರುತ್ತಿತ್ತು, ಕಂಪನಿಗಳ ರೌಟರ್‌ಗಳು ಗೋಡೆಯ ಪ್ಲಗ್‌ನಲ್ಲಿದ್ದವು. ಅವೂ ಯುಪಿಎಸ್‌ಗೆ ಬಂದವು. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುವ ಊರಿನಲ್ಲಿ ಎಸಿ ಇಲ್ಲದ ಕೋಣೆಯ ಯಂತ್ರಕ್ಕೆ ಹೆಚ್ಚುವರಿ ಫ್ಯಾನ್ ಒಂದು ಕೂಡ.

ಲಾಗ್ ಇಡುವುದು ಮುಂಬಾಗಿಲಿನಲ್ಲಿ. ಹಿತ್ತಲ ಲಾಗ್‌ನಲ್ಲಿ ಎಲ್ಲರೂ 127.0.0.1. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ಲಾಗ್‌ಗಳನ್ನು 180 ದಿನ ಇಡಲು ಹೇಳುತ್ತದೆ, ಸ್ಕ್ವಿಡ್‌ನ ಲಾಗ್‌ಫೈಲ್_ರೊಟೇಟ್ ಮೊದಲಿಂದ ಇರುವುದು 10. ದಿನಕ್ಕೊಮ್ಮೆ ತಿರುಗಿಸಿದರೆ ಹತ್ತೇ ದಿನದ ಲಾಗ್ ಉಳಿಯುತ್ತದೆ. ಹಿತ್ತಲಿನವರಲ್ಲಿ ಫಾರ್ವರ್ಡೆಡ್_ಫಾರ್ ‘ಡಿಲೀಟ್’ ಮಾಡದಿದ್ದರೆ ಸಾದಾ ಎಚ್‌ಟಿಟಿಪಿ ತಾಣಗಳಿಗೆ ಒಳಗಿನ ವಿಳಾಸಗಳು ಸೋರುತ್ತವೆ.

ಹೊಸದಾಗಿ ಕಟ್ಟುವವರಿಗೆ ಕ್ರಮ

ಇಲ್ಲಿ ನಡೆದ ಕ್ರಮ ಉಲ್ಟಾ ಇತ್ತು: ಹಂಚಿಕೆ ಮೊದಲು, ಕ್ಯಾಶ್ ಆಮೇಲೆ, ಲೈನ್ ಪರೀಕ್ಷೆ ಕೊನೆಗೆ. ಮತ್ತೆ ಕಟ್ಟುವುದಾದರೆ ರೌಟಿಂಗ್‌ನಿಂದ ಶುರು ಮಾಡುವುದು ವಾಸಿ. ಸ್ಕ್ವಿಡ್ ಹಾಕುವ ಮುಂಚೆಯೇ ಮೂರೂ ವಿಳಾಸಗಳಿಂದ ಕರ್ಲ್ ಮಾಡಿ, ಪ್ರತಿಯೊಂದೂ ಬೇರೆ ಸಾರ್ವಜನಿಕ ಐಪಿಯಿಂದ ಹೊರಬರುತ್ತಿದೆಯೇ ಎಂದು ನೋಡಬೇಕು. ಇಲ್ಲಿ ತಪ್ಪಿದ್ದರೆ ಮುಂದಿನದೆಲ್ಲ ಮಬ್ಬಿನಲ್ಲಿ ಕೆಲಸ. ಆಮೇಲೆ ಲೈನ್ ಪರೀಕ್ಷೆಯ ಸ್ಕ್ರಿಪ್ಟ್, ಅದನ್ನು ಪರೀಕ್ಷಿಸುವುದು ರೌಟರ್‌ನಿಂದ ಈಥರ್ನೆಟ್ ಕಿತ್ತಲ್ಲ, ಹೊರಗಿನ ಫೈಬರ್ ಕಿತ್ತು. ಮೂರನೆಯದಾಗಿ ಮೂರು ಹಿತ್ತಲು, ಸೋರ್ಸ್‌ಹ್ಯಾಶ್, ನೆವರ್_ಡೈರೆಕ್ಟ್; ಒಂದು ವಾರ ಕ್ಯಾಶ್ ಇಲ್ಲದೆಯೇ ಓಡಿಸಿ ಕಚೇರಿಯ ಪೋರ್ಟಲ್‌ಗಳೆಲ್ಲ ನಿಲ್ಲುತ್ತವೆಯೇ ನೋಡುವುದು. ಕ್ಯಾಶ್ ಕೊನೆಗೆ, ಅದೂ ಪಟ್ಟಿಯಲ್ಲಿರುವ ಡೊಮೇನ್‌ಗಳಿಗೆ ಮಾತ್ರ.

ಪ್ರತಿ ಹಂತದಲ್ಲೂ ನೋಡಬೇಕಾದದ್ದು ಲೈನ್‌ಗಳ ಗ್ರಾಫ್ ಅಲ್ಲ, ಆ ಒಂಬತ್ತನೇ ಕಾಲಂ. ಈ ಕಾಲೇಜಿನಲ್ಲಿ ಈಗ ಮೊದಲ ಲೈನ್ ಎರಡನೆಯದಕ್ಕಿಂತ ಎದ್ದು ಕಾಣುವಷ್ಟು ಹೆಚ್ಚು ತುಂಬಿರುತ್ತದೆ, ಕೆಲವು ದಿನ ಎರಡನೆಯದು ಅರ್ಧವೂ ತುಂಬಿರುವುದಿಲ್ಲ. ಯಾರ ಐಪಿ ಎಲ್ಲಿಗೆ ಬಿತ್ತು, ಅವತ್ತು ಯಾವ ಲ್ಯಾಬ್ ತೆರೆದಿತ್ತು ಎಂಬುದರ ಮೇಲೆ ಅದು ನಿಂತಿದೆ. ಅದನ್ನು ಸಮ ಮಾಡಲು ಯಾರೂ ಕೈ ಹಾಕಿಲ್ಲ. ಕಚೇರಿಯಿಂದ ಫೋನ್ ಬರುವುದು ನಿಂತಿದೆ.